ಅಂಗೈ ಅಗಲದ ಮುಖಪುಟ, ಮೈಲುದ್ದದ ಹಡಗು

ಹಳೆ ಸೈನ್ಸ್ ಫಿಕ್ಷನ್ ಪೇಪರ್‌ಬ್ಯಾಕ್‌ಗಳನ್ನು ನಾನು ಓದುವುದಕ್ಕಿಂತ ನೋಡುವುದೇ ಜಾಸ್ತಿ. ಅದರಲ್ಲೂ 1970ರ ದಶಕದ ಬ್ರಿಟಿಷ್ ಪುಸ್ತಕಗಳು. ಪ್ಯಾಂಥರ್, ಸ್ಫಿಯರ್, ನ್ಯೂ ಇಂಗ್ಲಿಷ್ ಲೈಬ್ರರಿ ಈ ಪ್ರಕಾಶಕರೆಲ್ಲರ ಪುಸ್ತಕಗಳು ಬೆಂಗಳೂರಿನ ಚರ್ಚ್ ಸ್ಟ್ರೀಟ್ ಸುತ್ತಮುತ್ತಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಈಗಲೂ ಕೈಗೆ ಸಿಗುತ್ತವೆ. ಬೆನ್ನು ಬಿಳಚಿಕೊಂಡಿರುತ್ತದೆ, ಒಳಗಿನ ಹಾಳೆ ಕಂದಾಗಿರುತ್ತದೆ. ಮುಖಪುಟದ ಮೇಲೆ ಮಾತ್ರ ಒಂದು ಭಾರೀ ಹಡಗು, ಮೈತುಂಬ ಹಳದಿ ಪಟ್ಟೆ ಹೊತ್ತುಕೊಂಡು, ಹೊಗೆ ಬಿಡುತ್ತಾ ತೇಲುತ್ತಿರುತ್ತದೆ. ಪುಸ್ತಕದ ಅಳತೆ ನಾಲ್ಕೂಕಾಲು ಇಂಚು ಅಗಲ, ಏಳು ಇಂಚು ಎತ್ತರ. ಅಷ್ಟರೊಳಗೆ ಆ ಹಡಗು ಒಂದು ಊರಿನಷ್ಟು ದೊಡ್ಡದಾಗಿ ಕಾಣುತ್ತದೆ. ಅದು ಹೇಗೆ ಅನ್ನುವುದು ನನ್ನ ತಲೆ ಕೊರೆಯುತ್ತಿತ್ತು.

ನನ್ನ ಕೆಲಸ ಮುದ್ರಣಕ್ಕೆ ಪುಟ ಸಿದ್ಧ ಮಾಡುವುದು. ಬಣ್ಣದ ಚುಕ್ಕೆ ನೋಡುವ ಲೆನ್ಸ್ ಯಾವಾಗಲೂ ಮೇಜಿನ ಮೇಲೆ ಇರುತ್ತದೆ. ಅದನ್ನೇ ಹಿಡಿದು ಒಂದು ಮುಖಪುಟ ನೋಡಿದೆ. ಕಂಡದ್ದು ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳ ಜಾಲರಿ, ಅಷ್ಟೇ. ಲೆನ್ಸ್ ಮುದ್ರಕನ ಕೆಲಸ ತೋರಿಸಿತು, ಚಿತ್ರಕಾರನ ಕೆಲಸ ಅದರ ಹಿಂದೆ ಉಳಿದುಬಿಟ್ಟಿತು. ಹಾಗಾದರೆ ತಿಳಿಯುವುದಕ್ಕೆ ಇರುವ ದಾರಿ ಒಂದೇ, ನಾನೇ ಒಂದು ಹಡಗು ಬರೆಯುವುದು. ಕಂಪ್ಯೂಟರ್‌ನಲ್ಲಿ ಬೇಡ, ಅವರು ಬರೆದ ಹಾಗೆಯೇ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿದು.

ಯಾರ ಶೈಲಿ ಅಂತ ಯೋಚಿಸಬೇಕಾಗಲಿಲ್ಲ. ಆ ಕಾಲದ ಹಡಗು ಅಂದರೆ ಕ್ರಿಸ್ ಫಾಸ್. 1946ರಲ್ಲಿ ಹುಟ್ಟಿದ ಬ್ರಿಟಿಷ್ ಚಿತ್ರಕಾರ. ಕೇಂಬ್ರಿಜ್‌ನಲ್ಲಿ ವಾಸ್ತುಶಿಲ್ಪ ಓದಲು ಸೇರಿ, ಮುಗಿಸದೆ ಹೊರಗೆ ಬಂದವರು. ಪ್ಯಾಂಥರ್ ಹೊರತಂದ ಐಸಾಕ್ ಅಸಿಮೋವ್ ಮತ್ತು ಇ.ಇ. 'ಡಾಕ್' ಸ್ಮಿತ್ ಪುಸ್ತಕಗಳಿಗೆ ಮುಖಪುಟ ಬರೆದು ಹೆಸರಾದರು. ಆಮೇಲೆ ಸಿನಿಮಾದವರೂ ಕರೆದರು. 1979ರ 'ಏಲಿಯನ್' ಚಿತ್ರಕ್ಕೆ ಮೊದಮೊದಲು ಹಡಗಿನ ನಕ್ಷೆ ಮಾಡಿಕೊಟ್ಟವರಲ್ಲಿ ಅವರೂ ಒಬ್ಬರು. ಟೋನಿ ರಾಬರ್ಟ್ಸ್, ಪೀಟರ್ ಎಲ್ಸನ್, ಆಂಗಸ್ ಮೆಕ್ಕೀ, ಇವರೆಲ್ಲ ಸುಮಾರು ಅದೇ ಕಾಲದವರು. ಎಲ್ಸನ್ ಹಡಗುಗಳ ಬಣ್ಣ ನನಗೆ ಇನ್ನೂ ಇಷ್ಟ, ಅದು ಬೇರೆ ಮಾತು.

ಇವರಿಗಿಂತ ಹಿಂದೆ, 1950ರ ದಶಕದಲ್ಲಿ, ಮುಖಪುಟದ ಹಡಗು ಅಂದರೆ ಬೆಳ್ಳಿ ಬಣ್ಣದ ಚೂಪು ರಾಕೆಟ್. ಜರ್ಮನರ ವಿ-2 ಕ್ಷಿಪಣಿಯ ಆಕಾರ, ಬುಡದಲ್ಲಿ ರೆಕ್ಕೆ, ನುಣುಪು ಮೈ. ಗಾಳಿ ಸೀಳಿಕೊಂಡು ಹೋಗುವುದಕ್ಕೆ ಆ ಆಕಾರ ಬೇಕು, ಗಾಳಿಯೇ ಇಲ್ಲದ ಕಡೆ ಯಾಕೆ? 1968ರಲ್ಲಿ '2001: ಎ ಸ್ಪೇಸ್ ಒಡಿಸ್ಸಿ' ಬಂದಾಗ ತೆರೆಯ ಮೇಲೆ ಆ ನುಣುಪು ಹೋಯಿತು, ಹಡಗಿನ ಮೈತುಂಬ ಪೈಪು, ಪೆಟ್ಟಿಗೆ, ಮುಚ್ಚಳ ಬಂದವು. ಫಾಸ್ ಅದಕ್ಕೆ ಬಣ್ಣ ಹಚ್ಚಿದರು, ತುಕ್ಕು ಹಿಡಿಸಿದರು. ಅವರ ಹಡಗು ಕೆಲಸ ಮಾಡುವ ಹಡಗು. ಬಂದರಿನಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ಇರಬೇಕಾದದ್ದು ಮೇಲೆ ಹೋಗಿದೆ ಅನ್ನಿಸುತ್ತದೆ.

ಏರ್‌ಬ್ರಷ್ ಕೊಳ್ಳುವುದು ಸುಲಭ, ಹಿಡಿಯುವುದು ಕಷ್ಟ. ಜೆ.ಸಿ. ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ಬೈಕ್ ಟ್ಯಾಂಕಿಗೆ ಬಣ್ಣ ಹೊಡೆಯುವ ಅಂಗಡಿ ಇದೆ. ಬುಲೆಟ್ ಟ್ಯಾಂಕ್ ಮೇಲೆ ಬೆಂಕಿಯ ಜ್ವಾಲೆ, ಹದ್ದು, ಹುಲಿಮುಖ ಎಲ್ಲ ಬರೆದುಕೊಡುವ ಭಾಯ್ ಒಬ್ಬರು ಅಲ್ಲಿ ಕೂರುತ್ತಾರೆ. ಪುಸ್ತಕ ತೋರಿಸಿ, "ಭಾಯ್, ಇದು ಕಲಿಸಿಕೊಡ್ತೀರಾ?" ಅಂದೆ. ಮುಖಪುಟವನ್ನು ಬೆಳಕಿಗೆ ಓರೆ ಹಿಡಿದು ನೋಡಿದರು.

"ಕಲಿಸೋದೇನಿದೆ ಸಾರ್, ಬೆರಳಿಗೆ ಗೊತ್ತಾಗ್ಬೇಕು ಅಷ್ಟೇ. ಇವ್ರೂ ಟೇಪ್ ಹಾಕೇ ಹೊಡ್ದಿರೋದು."

ಬೆರಳಿಗೆ ಗೊತ್ತಾಗಬೇಕಾದದ್ದು ಇದು. ಏರ್‌ಬ್ರಷ್ ಮೇಲೆ ಒಂದೇ ಗುಂಡಿ. ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎರಡನ್ನೂ ಒಂದೇ ಬೆರಳು ನೋಡಿಕೊಳ್ಳಬೇಕು. ಎಷ್ಟು ಹಿಂದಕ್ಕೆ ಎಳೆದರೆ ಅಷ್ಟು ಬಣ್ಣ. ಕಾಗದಕ್ಕೆ ಹತ್ತಿರ ಹಿಡಿದರೆ ಸಣ್ಣ ಗೆರೆ, ದೂರ ಹಿಡಿದರೆ ಅಗಲವಾದ ಮಂಜು. ಹತ್ತಿರ ಹಿಡಿದು ಬಣ್ಣ ಜಾಸ್ತಿ ಬಿಟ್ಟರೆ ಅದು ಕಾಗದದ ಮೇಲೆ ಜೇಡದ ಕಾಲುಗಳ ಹಾಗೆ ನಾಲ್ಕೂ ಕಡೆ ಓಡುತ್ತದೆ. ಭಾಯ್ ನನಗೆ ಬಣ್ಣವನ್ನೇ ಕೊಡಲಿಲ್ಲ. ಏರ್‌ಬ್ರಷ್‌ನ ಬಣ್ಣದ ಬಟ್ಟಲಿಗೆ ನೀರು ಹಾಕಿ, ಹಳೇ ನ್ಯೂಸ್‌ಪೇಪರ್ ಮೇಲೆ ಹೊಡೆಯಲು ಹೇಳಿದರು.

"ಮೊದ್ಲು ಕೈ ಹೊರಡ್ಬೇಕು. ಆಮೇಲೆ ಗಾಳಿ. ಆಮೇಲೆ ಬಣ್ಣ. ನಿಲ್ಸೋವಾಗ ಉಲ್ಟಾ ಸಾರ್, ಬಣ್ಣ ಮೊದ್ಲು ನಿಲ್ಬೇಕು, ಕೈ ಕೊನೇಗೆ."

ಕೈ ನಿಂತು ಬಣ್ಣ ನಿಲ್ಲದಿದ್ದರೆ ಗೆರೆಯ ತುದಿಯಲ್ಲಿ ಒಂದು ಗುಂಡನೆ ಚುಕ್ಕೆ ಬೀಳುತ್ತದೆ. ಇದು ಗೊತ್ತಾದ ಮೇಲೆ ಹಳೆ ಮುಖಪುಟಗಳನ್ನು ನೋಡುವ ರೀತಿಯೇ ಬದಲಾಯಿತು. ಎಲ್ಲೆಲ್ಲಿ ಗೆರೆ ಎರಡೂ ತುದಿಯಲ್ಲಿ ಕರಗಿಹೋಗಿದೆಯೋ ಅಲ್ಲೆಲ್ಲ ಒಬ್ಬರ ಕೈ ಓಡಾಡಿದ್ದು ಕಾಣಿಸತೊಡಗಿತು. ಯಂತ್ರದ ಅಚ್ಚುಕಟ್ಟು ಅಂದುಕೊಂಡಿದ್ದರಲ್ಲಿ ಅರ್ಧಕ್ಕರ್ಧ ಬರೀ ಕೈಯಲ್ಲಿ ಹೊಡೆದದ್ದು.

ಮನೆಯಲ್ಲಿ ಒಂದು ಚಿಕ್ಕ ಕಂಪ್ರೆಸರ್ ಇಟ್ಟುಕೊಂಡೆ. ಒತ್ತಡ 20ರಿಂದ 25 ಪೌಂಡ್ ಸಾಕು, ಟ್ಯಾಂಕಿಗೆ ಹೊಡೆಯುವ ಸ್ಪ್ರೇ ಗನ್ನಿನಷ್ಟು ಬೇಡ. ಪೋಸ್ಟರ್ ಕಲರ್ ತೆಳು ಮಾಡಿ ಹಾಕಿದರೂ ನಾಝಲ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ಅಕ್ರಿಲಿಕ್ ಇಂಕು ತಂದೆ. ಅದರದ್ದೂ ಒಂದು ಕಿರಿಕಿರಿ ಇದೆ. ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಕೂರುತ್ತದೆ, ಆಗಾಗ ಬ್ರಷ್‌ನಿಂದ ಒರೆಸುತ್ತಲೇ ಇರಬೇಕು. ಬೇಸಿಗೆಯ ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಈ ಕೆಲಸಕ್ಕೆ ಕೂರಬಾರದು. ಕಂಪ್ರೆಸರ್ ಸದ್ದಿಗೆ ಮನೆಯವರ ಅಭಿಪ್ರಾಯ ಏನು ಅಂತ ಇಲ್ಲಿ ಬರೆಯುವುದಿಲ್ಲ.

ಮುಖಪುಟವನ್ನು ಸಾಮಾನ್ಯವಾಗಿ ಪುಸ್ತಕದ ಅಳತೆಯಲ್ಲೇ ಬರೆಯುವುದಿಲ್ಲ. ದೊಡ್ಡದಾಗಿ ಬರೆದು ಮುದ್ರಣದಲ್ಲಿ ಕುಗ್ಗಿಸುತ್ತಾರೆ. ನಾನು ಮೌಂಟ್ ಬೋರ್ಡಿನ ಮೇಲೆ ಎರಡೂವರೆ ಪಟ್ಟು ಹಾಕಿಕೊಂಡೆ. ಮೊದಲ ತೊಂದರೆ ಆಕಾರದ್ದು. ಹಡಗು ಉದ್ದಕ್ಕೆ ಇರುವ ವಸ್ತು, ಪುಸ್ತಕ ಎತ್ತರಕ್ಕೆ ಇರುವ ವಸ್ತು. ಅಡ್ಡ ಇಟ್ಟರೆ ಹಡಗು ಪುಟದ ನಡುವೆ ಚಿಕ್ಕದಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ನಿಲ್ಲಿಸಿದರೆ ಮತ್ತೆ ಹಳೇ ರಾಕೆಟ್. ಅದಕ್ಕೇ ಆ ಕಾಲದ ಎಷ್ಟೋ ಹಡಗುಗಳು ಮೂಲೆಯಿಂದ ಮೂಲೆಗೆ ಓರೆಯಾಗಿ ಬರುತ್ತವೆ, ಒಂದು ತುದಿ ಅಂಚಿನಾಚೆ ಕತ್ತರಿಸಿಹೋಗಿರುತ್ತದೆ. ಪುಟದೊಳಗೆ ಹಿಡಿಸದಷ್ಟು ದೊಡ್ಡದು ಅನ್ನುವ ಭಾವನೆ ಅಲ್ಲೇ ಶುರು. ಮೇಲಿನ ಮೂರನೇ ಒಂದು ಭಾಗ ಲೇಖಕನ ಹೆಸರಿಗೂ ಶೀರ್ಷಿಕೆಗೂ ಬಿಡಬೇಕು, ಅಲ್ಲಿ ಏನೇ ಚೆಂದ ಮಾಡಿದರೂ ಅಕ್ಷರ ಬಂದು ಕೂರುತ್ತದೆ. ಫಾಸ್ ಆ ಜಾಗವನ್ನು ಬಣ್ಣದ ಮೋಡದಿಂದ ತುಂಬುತ್ತಿದ್ದರು. ನಾನೂ ಕಿತ್ತಳೆಯಿಂದ ನೇರಳೆಗೆ ಹೋಗುವ ಮೋಡ ಹೊಡೆದೆ. ಹತ್ತಿಯನ್ನು ಪುಟದ ಮೇಲೆ ಹರಡಿ, ಅದರ ಅಂಚಿನ ಮೇಲೆ ತೆಳುವಾಗಿ ಹೊಡೆದರೆ ಮೋಡದ ಅಂಚು ತಾನಾಗಿ ಬರುತ್ತದೆ.

ಆಮೇಲೆ ಹಡಗು. ಇಡೀ ಬೋರ್ಡಿನ ಮೇಲೆ ಮಾಸ್ಕಿಂಗ್ ಫಿಲ್ಮ್, ಅಂದರೆ ಬಣ್ಣ ತಾಗದಂತೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ, ಅಂಟಿಸಿ, ನಕ್ಷೆಯ ಗೆರೆಗಳ ಮೇಲೆ ಬ್ಲೇಡ್ ಎಳೆಯಬೇಕು. ಫಿಲ್ಮ್ ಕತ್ತರಿಸಬೇಕು, ಕೆಳಗಿನ ಬೋರ್ಡಿಗೆ ಗಾಯವಾಗಬಾರದು. ಬ್ಲೇಡಿನ ಸ್ವಂತ ತೂಕ ಬಿಟ್ಟು ಬೇರೆ ಒತ್ತಡ ಬೇಡ. ಹಡಗಿನ ಪ್ರತಿಯೊಂದು ಫಲಕವೂ ಒಂದೊಂದು ತುಂಡು. ಇಲ್ಲಿ ಒಂದು ಕ್ರಮ ಇದೆ, ನನಗೆ ತುಂಬಾ ಹಿಡಿಸಿತು. ಎಲ್ಲಕ್ಕಿಂತ ಕಪ್ಪಾಗಬೇಕಾದ ತುಂಡನ್ನು ಮೊದಲು ಕೀಳುವುದು. ಅಲ್ಲಿ ಬಣ್ಣ ಹೊಡೆದು, ಅದನ್ನು ಮುಚ್ಚದೆ ಹಾಗೇ ಬಿಟ್ಟು, ಅದಕ್ಕಿಂತ ಸ್ವಲ್ಪ ತಿಳಿಯಾದ ತುಂಡು ಕೀಳುವುದು. ಈಗ ಹೊಡೆದ ಬಣ್ಣ ಎರಡರ ಮೇಲೂ ಬೀಳುತ್ತದೆ. ಮೊದಲಿನದು ಇನ್ನಷ್ಟು ಕಪ್ಪಾಗುತ್ತದೆ. ಹೀಗೆ ಕೀಳುತ್ತಾ ಹೊಡೆಯುತ್ತಾ ಹೋದರೆ ಬಿಳಿಯ ಹತ್ತಿರದ ಫಲಕ ಕೊನೆಗೆ ಹೊರಗೆ ಬರುತ್ತದೆ. ಅಲ್ಲಿಯವರೆಗೆ ಚಿತ್ರ ಹೇಗಿದೆ ಅಂತ ಕಾಣುವುದೇ ಇಲ್ಲ, ಬೋರ್ಡ್ ತುಂಬ ಬಣ್ಣ ಮೆತ್ತಿದ ಪ್ಲಾಸ್ಟಿಕ್ ಚೂರುಗಳು. ಲೆಕ್ಕ ಎಲ್ಲ ತಲೆಯಲ್ಲೇ ಇರಬೇಕು.

ಉರುಳೆಯಾಕಾರದ ಟ್ಯಾಂಕ್ ಬರೆಯುವಾಗ ಭಾಯ್ ಒಂದು ಗುಟ್ಟು ಹೇಳಿಕೊಟ್ಟರು. ನೆರಳಿನ ಕಪ್ಪು ಅಂಚಿನಲ್ಲಿ ಇರಬಾರದು. ಅಂಚಿಗೆ ಸ್ವಲ್ಪ ಮೊದಲೇ ಕಪ್ಪು ಮುಗಿಯಬೇಕು, ಅಂಚಿನಲ್ಲಿ ಮತ್ತೆ ತೆಳುವಾದ ಬೆಳಕು ಬರಬೇಕು. ಅಂಗಡಿಯಲ್ಲಿದ್ದ ಒಂದು ಬುಲೆಟ್ ಟ್ಯಾಂಕನ್ನೇ ಬಾಗಿಲ ಹತ್ತಿರ ಇಟ್ಟು ತೋರಿಸಿದರು. ನೆಲದಿಂದ ಮೇಲಕ್ಕೆ ಚಿಮ್ಮಿದ ಬೆಳಕು ಟ್ಯಾಂಕಿನ ಹೊಟ್ಟೆಯಡಿ ಒಂದು ಗೆರೆಯಾಗಿ ಕಾಣುತ್ತಿತ್ತು. ಆ ಒಂದು ಗೆರೆ ಇಲ್ಲದಿದ್ದರೆ ಉರುಳೆ ಚಪ್ಪಟೆ.

ಇಷ್ಟಾದ ಮೇಲೂ ನನ್ನ ಹಡಗು ದೊಡ್ಡದಾಗಿ ಕಾಣಲಿಲ್ಲ. ಅಚ್ಚುಕಟ್ಟಾಗಿತ್ತು, ಬೊಂಬೆ ಅಂಗಡಿಯ ಸಾಮಾನಿನಷ್ಟೇ ದೊಡ್ಡದಿತ್ತು. ನಿಜವಾದ ವಿಷಯ ಇಲ್ಲಿಂದ ಮುಂದೆ.

ನಂದಿ ಬೆಟ್ಟದ ಮೇಲೆ ನಿಂತು ಬೆಳಿಗ್ಗೆ ನೋಡಿ. ಹತ್ತಿರದ ಗುಡ್ಡ ಕಡುಹಸಿರು, ಅದರಾಚೆಯದು ನೀಲಿ, ಅದರಾಚೆಯದು ಆಕಾಶದ ಬಣ್ಣಕ್ಕೇ ಹತ್ತಿರ. ನಡುವಿನ ಗಾಳಿ ದೂರವನ್ನು ನಮಗೆ ಅಳೆದು ಹೇಳುತ್ತದೆ. ಗಾಳಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ನಿಜವಾದ ಉದಾಹರಣೆ ಇದೆ. 1971ರ ಫೆಬ್ರವರಿಯಲ್ಲಿ ಅಪೋಲೊ 14ರ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಮೇಲೆ ಕೋನ್ ಕ್ರೇಟರ್ ಎಂಬ ಕುಳಿಯ ಅಂಚು ಹುಡುಕಿಕೊಂಡು ನಡೆದರು. ಅಲ್ಲಿ ದೂರದ ಬಂಡೆಯೂ ಹತ್ತಿರದ ಬಂಡೆಯೂ ಅಷ್ಟೇ ಸ್ಪಷ್ಟ. ಯಾವುದು ಎಷ್ಟು ದೂರ, ಎಷ್ಟು ದೊಡ್ಡದು ಅಂತ ಕಣ್ಣಿಗೆ ಅಂದಾಜೇ ಸಿಗಲಿಲ್ಲ. ಅಂಚಿನ ಹತ್ತಿರಕ್ಕೆ ಬಂದಿದ್ದರೂ ಅದು ಕಾಣದೆ ವಾಪಸ್ ಹೊರಟರು.

ಅಂದರೆ ಅಂತರಿಕ್ಷವನ್ನು ಇದ್ದದ್ದು ಇದ್ದ ಹಾಗೆ ಬರೆದರೆ ಯಾವ ಹಡಗೂ ದೊಡ್ಡದಾಗಿ ಕಾಣುವುದಿಲ್ಲ. ಫಾಸ್ ಮತ್ತು ಅವರ ಜೊತೆಯವರು ಮಾಡಿದ್ದು ಶುದ್ಧ ಸುಳ್ಳು. ಗಾಳಿ ಇಲ್ಲದ ಕಡೆ ಗಾಳಿ ತಂದರು. ಮೋಡ, ಧೂಳು, ಹೊಗೆ, ಬಣ್ಣದ ಆವಿ, ಏನೋ ಒಂದನ್ನು ಹಡಗಿನ ಹಿಂದೆಯೂ ಮುಂದೆಯೂ ಬಿಟ್ಟು, ಹಡಗಿನ ದೂರದ ತುದಿಯನ್ನು ಹಿನ್ನೆಲೆಯ ಬಣ್ಣದಲ್ಲಿ ಮಸುಕು ಮಾಡಿದರು. ಒಂದೇ ವಸ್ತುವಿನ ಒಂದು ತುದಿ ಚೂಪಾಗಿ, ಇನ್ನೊಂದು ತುದಿ ಮಬ್ಬಾಗಿ ಕಂಡರೆ ನಮ್ಮ ಕಣ್ಣು ನಡುವೆ ಮೈಲಿಗಟ್ಟಲೆ ಗಾಳಿ ಇದೆ ಅಂತ ನಂಬುತ್ತದೆ. ಅಲ್ಲಿಗೆ ಹಡಗು ಮೈಲುದ್ದ ಆಯಿತು. ಇದಕ್ಕೆ ಏರ್‌ಬ್ರಷ್‌ಗಿಂತ ಒಳ್ಳೆ ಸಾಧನ ಇಲ್ಲ, ಅದು ಬಿಡುವುದೇ ಮಂಜು.

ನನ್ನ ಹಡಗಿನ ಹಿಂಭಾಗದ ಮೇಲೆ, ಅಷ್ಟು ದಿನ ಬ್ಲೇಡ್ ಹಿಡಿದು ಕೆತ್ತಿದ ಫಲಕಗಳ ಮೇಲೆ, ಕಿತ್ತಳೆ ಇಂಕನ್ನು ನೀರಿನಷ್ಟು ತೆಳು ಮಾಡಿ ದೂರದಿಂದ ಹೊಡೆಯಬೇಕಾಯಿತು. ಕೈ ಬರಲಿಲ್ಲ, ನಿಜ ಹೇಳಬೇಕು ಅಂದರೆ. ಮೊದಲ ಸುತ್ತಿಗೆ ಏನೂ ಕಾಣಲಿಲ್ಲ. ಎರಡನೆಯದಕ್ಕೆ ಕಪ್ಪು ಗೆರೆಗಳು ಕಂದಾದವು. ಇನ್ನೊಂದು ಸುತ್ತಿಗೆ ಹಿಂಭಾಗದ ಎಂಜಿನ್‌ಗಳು ಹಿಂದಕ್ಕೆ ಸರಿದೇಬಿಟ್ಟವು. ಹಡಗು ನನ್ನ ಮೇಜಿನ ಮೇಲೆಯೇ ಉದ್ದವಾಯಿತು.

ಎರಡನೆಯ ಉಪಾಯ ಚಿಕ್ಕ ವಸ್ತುಗಳದ್ದು. ಅದು ತಿಳಿದದ್ದು ಭಾಯ್ ಕೇಳಿದ ಒಂದು ಪ್ರಶ್ನೆಯಿಂದ. ಬೋರ್ಡನ್ನು ಅಂಗಡಿಗೆ ಒಯ್ದು ತೋರಿಸಿದಾಗ ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಸಾರ್. ಡ್ರೈವರ್ ಎಲ್ಲಿ ಕೂರ್ತಾನೆ?" ಅಂದರು.

ಪಕ್ಕದಲ್ಲಿದ್ದ ಹುಡುಗರು ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಸರಿಯಾಗಿತ್ತು. ಮನುಷ್ಯ ಎಲ್ಲಿ ಅಂತ ಗೊತ್ತಾದರೆ ತಾನೇ ಹಡಗು ಎಷ್ಟು ಅಂತ ಗೊತ್ತಾಗುವುದು? ಮುಂದೆ ಒಂದು ದೊಡ್ಡ ಗಾಜು ಹಾಕಿದರೆ ಅದು ಜೀಪ್ ಆಗುತ್ತದೆ. ಗಾಜು ಚಿಕ್ಕದಾದಷ್ಟೂ ಹಡಗು ಬೆಳೆಯುತ್ತದೆ. ಮನೆಗೆ ಬಂದು ಮೂರು ಸೊನ್ನೆ ನಂಬರಿನ ತೀರಾ ಸಣ್ಣ ಬ್ರಷ್‌ನ ತುದಿಯಲ್ಲಿ ತಿಳಿಹಳದಿ ಮುಟ್ಟಿಸಿ, ಹಡಗಿನ ಹೊಟ್ಟೆಯ ಉದ್ದಕ್ಕೂ ಕಿಟಕಿ ಇಟ್ಟೆ. ಎಲ್ಲ ಕಡೆ ಸಮನಾಗಿ ಇಟ್ಟರೆ ದೀಪಾವಳಿ ಸೀರಿಯಲ್ ಸೆಟ್ ಆಗಿಬಿಡುತ್ತದೆ. ಒಂದು ಕಡೆ ಗುಂಪು, ಒಂದು ಕಡೆ ಖಾಲಿ, ನಡುವೆ ಒಂದೆರಡು ಆರಿದ್ದು. ಹಡಗಿನ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಇನ್ನೊಂದು ವಾಹನ, ಅದರ ನೆರಳು ದೊಡ್ಡ ಹಡಗಿನ ಮೈಮೇಲೆ. ಆ ನೆರಳು ಮುಖ್ಯ. ಅದಿಲ್ಲದಿದ್ದರೆ ಚಿಕ್ಕದು ದೂರದಲ್ಲಿದೆ ಅನ್ನಿಸುತ್ತದೆ, ಇದ್ದರೆ ದೊಡ್ಡದರ ಪಕ್ಕದಲ್ಲೇ ಇದೆ.

ಫಲಕಗಳ ಕೂಡುಗೆರೆಗೆ ಎಂಜಿನಿಯರಿಂಗ್ ಡ್ರಾಯಿಂಗ್ ಡಬ್ಬಿಯ ರೂಲಿಂಗ್ ಪೆನ್ ಬಳಸಿದೆ. ಒಂದು ಕಪ್ಪು ಗೆರೆ, ಅದಕ್ಕೆ ಒತ್ತಿ ಒಂದು ಬಿಳಿ ಗೆರೆ. ಕೂಡಲೇ ಲೋಹದಲ್ಲಿ ಸಂದು ಬಿಟ್ಟಂತೆ ಕಾಣುತ್ತದೆ. ಇನ್ನು ಪಟ್ಟೆ. ಕಪ್ಪು ಹಳದಿ ಪಟ್ಟೆ, ಕೆಂಪು ಚೌಕುಳಿ ಇವೆಲ್ಲ ಬರೀ ಅಲಂಕಾರ ಅಂದುಕೊಂಡಿದ್ದೆ. ಪಟ್ಟೆ ಉಬ್ಬಿನ ಮೇಲೆ ಬಾಗುತ್ತದೆ, ತಗ್ಗಿನಲ್ಲಿ ಮುರಿಯುತ್ತದೆ, ಹಾಗಾಗಿ ಹಡಗಿನ ಆಕಾರವನ್ನು ನೆರಳಿಗಿಂತ ಬೇಗ ಹೇಳುತ್ತದೆ. ಅಂಗಡಿಯ ರ್‍ಯಾಕಿನಲ್ಲಿ ಹತ್ತು ಅಡಿ ದೂರದಿಂದ ಕಾಣುವುದೂ ಅದೇ. ನಕ್ಷತ್ರಕ್ಕೆ ಹಲ್ಲುಜ್ಜುವ ಬ್ರಷ್. ಹಡಗನ್ನು ಫಿಲ್ಮ್‌ನಿಂದ ಮುಚ್ಚಿ, ಬಿಳಿ ಬಣ್ಣದಲ್ಲಿ ಅದ್ದಿದ ಬ್ರಷ್ ಮೇಲೆ ಹೆಬ್ಬೆರಳು ಎಳೆದರೆ ಮುಗಿಯಿತು.

ಬರೆದು ಮುಗಿಸಿ, ಸ್ಕ್ಯಾನ್ ಮಾಡಿ, ಪುಸ್ತಕದ ಅಳತೆಗೆ ಇಳಿಸಿ ಪ್ರಿಂಟ್ ತೆಗೆದೆ. ಕುಗ್ಗಿಸುವುದರಲ್ಲಿ ದೊಡ್ಡ ದಯೆ ಇದೆ. ಬ್ಲೇಡ್ ಜಾರಿದ ಕಡೆ, ಬಣ್ಣ ಒಳಗೆ ನುಗ್ಗಿದ ಕಡೆ, ಎಲ್ಲ ಮಾಯ. ಬೋರ್ಡಿನ ಮೇಲೆ ಒಂದು ಮಿಲಿಮೀಟರ್ ಇದ್ದ ಗೆರೆ 0.4 ಆಗುತ್ತದೆ. ಅದೇ ರೀತಿ ನಾನು ಉಸಿರು ಬಿಗಿಹಿಡಿದು ಇಟ್ಟ ಕಿಟಕಿಗಳಲ್ಲೂ ಸುಮಾರು ಮಾಯವಾದವು. ಉಳಿದದ್ದು ಓರೆ, ಮಬ್ಬು, ಪಟ್ಟೆ. ವಾರಗಟ್ಟಲೆ ಮಾಡಿದ ವಿವರಕ್ಕಿಂತ ಕೊನೆಯಲ್ಲಿ ಹೊಡೆದ ಕಿತ್ತಳೆ ಮಂಜೇ ಜಾಸ್ತಿ ಕೆಲಸ ಮಾಡಿತ್ತು.

ಇದಕ್ಕೆ ಕತೆ ಯಾವುದು ಅಂತ ನೋಡಿದವರೆಲ್ಲ ಕೇಳಿದರು. ಕತೆ ಇಲ್ಲ. ಆ ಕಾಲದಲ್ಲೂ ಎಷ್ಟೋ ಸಲ ಚಿತ್ರಕ್ಕೂ ಕತೆಗೂ ಸಂಬಂಧ ಇರುತ್ತಿರಲಿಲ್ಲ. ಅಸಿಮೋವ್ ಅವರ 'ಫೌಂಡೇಶನ್' ಪುಸ್ತಕಗಳಲ್ಲಿ ಬಹುಪಾಲು ಜನ ಕೋಣೆಯಲ್ಲಿ ಕೂತು ಮಾತಾಡುತ್ತಾರೆ, ಪ್ಯಾಂಥರ್ ಮುಖಪುಟದ ಮೇಲೆ ಫಾಸ್ ಅವರ ಹಡಗು. ಕೆಲವರು ಇದರಿಂದ ಮೋಸ ಹೋದೆವು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪುಸ್ತಕ ಕೈಗೆ ಎತ್ತಿಕೊಳ್ಳುವ ಹಾಗೆ ಮಾಡುವುದು ಚಿತ್ರದ ಕೆಲಸ, ಅದು ಮಾಡಿದೆ. ಚಿತ್ರಕ್ಕೆ ಆಮೇಲೆ ಬೇರೆ ಬದುಕೂ ಇರುತ್ತಿತ್ತು. 1978ರಲ್ಲಿ ಸ್ಟೂವರ್ಟ್ ಕೌಲಿ 'ಸ್ಪೇಸ್‌ಕ್ರಾಫ್ಟ್ 2000 ಟು 2100 ಎಡಿ' ಅಂತ ಒಂದು ಪುಸ್ತಕ ಮಾಡಿದರು. ಬೇರೆ ಬೇರೆ ಚಿತ್ರಕಾರರು ಆಗಲೇ ಬರೆದಿದ್ದ ಹಡಗುಗಳನ್ನು ಒಟ್ಟುಹಾಕಿ, ಒಂದೊಂದಕ್ಕೂ ಹೆಸರು, ಎಂಜಿನ್, ಯುದ್ಧದ ಚರಿತ್ರೆ ಎಲ್ಲ ಹೊಸದಾಗಿ ಹುಟ್ಟಿಸಿದರು. ಇನ್ನೊಂದು ಕಡೆ, ಟೋನಿ ರಾಬರ್ಟ್ಸ್ 1974ರಲ್ಲಿ ಹೈನ್‌ಲೈನ್ ಅವರ 'ಡಬಲ್ ಸ್ಟಾರ್' ಪುಸ್ತಕಕ್ಕೆ ಬರೆದ ಮುಖಪುಟವನ್ನು ಆಧರಿಸಿ ಬ್ರಿಟಿಷ್ ಕಲಾವಿದ ಗ್ಲೆನ್ ಬ್ರೌನ್ ದೊಡ್ಡ ತೈಲಚಿತ್ರ ಮಾಡಿದರು. 2000ದಲ್ಲಿ ಬ್ರೌನ್ ಬ್ರಿಟನ್ನಿನ ಕಲಾ ಪ್ರಶಸ್ತಿಯಾದ ಟರ್ನರ್‌ನ ಅಂತಿಮ ಪಟ್ಟಿಯಲ್ಲಿದ್ದಾಗ ಅದು ಪ್ರದರ್ಶನಕ್ಕೆ ಬಂತು, ಇದು ಯಾರ ಚಿತ್ರ ಅಂತ ದೊಡ್ಡ ಗಲಾಟೆಯೂ ಆಯಿತು. ಪೇಪರ್‌ಬ್ಯಾಕ್ ಮೇಲೆ ಇದ್ದಾಗ ಅದನ್ನು ಯಾರೂ ಕಲೆ ಅನ್ನಲಿಲ್ಲ, ಗ್ಯಾಲರಿ ಗೋಡೆಗೆ ಹೋದಾಗ ಎಲ್ಲರಿಗೂ ಬೇಕಾಯಿತು. ನನಗೆ ರಾಬರ್ಟ್ಸ್ ಪರವಾಗಿಯೇ ಮನಸ್ಸು ಎಳೆಯುತ್ತದೆ. ಫಿಲ್ಮ್ ಕತ್ತರಿಸಿದ ಮೇಲೆ ಇನ್ನೂ ಜಾಸ್ತಿ.

ನನ್ನ ಹಡಗಿನ ಕತೆಯನ್ನು ಈಗ ಅಕ್ಕನ ಮಗ ಬರೆಯುತ್ತಿದ್ದಾನೆ. ಪ್ರಿಂಟನ್ನು ಒಂದು ಹಳೇ ಪುಸ್ತಕಕ್ಕೆ ಹೊದಿಸಿ ಇಟ್ಟಿದ್ದೆ, ಒಳಗೆ ಬೇರೇನೋ ಇದೆ ಅಂತ ಅವನಿಗೆ ಬೇಜಾರಾಯಿತು. "ಮಾವ, ಇದು ಯುದ್ಧದ ಹಡಗಾ?" ಅಂದ. ನೀನೇ ಹೇಳು ಅಂದೆ. ಅವನ ಪ್ರಕಾರ ಅದು ಸರಕು ಸಾಗಿಸುವ ಹಡಗು, ಹುಬ್ಬಳ್ಳಿಯಿಂದ ಈರುಳ್ಳಿ ತುಂಬಿಕೊಂಡು ಹೊರಟಿದೆ. ಆರಿದ ಕಿಟಕಿಗಳು ರಾತ್ರಿ ಪಾಳಿಯವರದ್ದಂತೆ, ಹಗಲು ಮಲಗುತ್ತಾರಂತೆ. ಪಕ್ಕದ ಚಿಕ್ಕ ವಾಹನ ಯಾಕೆ ಬಂದಿದೆ ಅಂತ ಮಾತ್ರ ಇನ್ನೂ ತೀರ್ಮಾನ ಮಾಡಿಲ್ಲ.